ಕೀರಿ ತಿಂದದ್ದಕ್ಕಿಂತ ನನ್ನ ಕೈಯಲ್ಲಿ ಸತ್ತ ಕೋಳಿಗಳೇ ಜಾಸ್ತಿ

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ. ಹಿಂದೆ ಗುಡ್ಡ, ಮುಂದೆ ಅಡಿಕೆ ತೋಟ, ತೋಟದ ಕೊನೆಗೆ ತೋಡು. ಇಂಥ ಜಾಗದಲ್ಲಿ ಕೋಳಿ ಸಾಕುವುದೆಂದರೆ ಗುಡ್ಡದವರಿಗೆ, ಅಂದರೆ ಅಲ್ಲಿನ ಕಾಡುಪ್ರಾಣಿಗಳಿಗೆ, ಎಲೆ ಹಾಕಿ ಬಡಿಸಿಟ್ಟ ಹಾಗೆ. 5 ವರ್ಷದ ಹಿಂದೆ 8 ಹೇಂಟೆ, 1 ಹುಂಜ ಇಟ್ಟುಕೊಂಡು ಶುರು ಮಾಡಿದೆ. ಈಗ 14 ಇವೆ. ನಡುವೆ ಹೋದವುಗಳ ಲೆಕ್ಕವನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೇನೆ. ಹೇಳಲು ನಾಚಿಕೆ.

ಅತ್ತೆಯ ಕಾಲದ ಗೂಡು ಹಟ್ಟಿಯ ಬದಿಯಲ್ಲಿತ್ತು. ಮರದ ಪೆಟ್ಟಿಗೆ, ಬಾಗಿಲಿಗೆ ಒಂದು ಮುರಕಲ್ಲು ಒರಗಿಸಿದರೆ ಮುಗಿಯಿತು. ನಾನು ಬೀಗ ಹಾಕುತ್ತೇನೆ ಎಂದಾಗ ಅತ್ತೆ ನಕ್ಕರು. "ಬೀಗ ಹಾಕಿ ಕೋಳಿ ಸಾಕುವುದುಂಟಾ ಮಾರಾಯ್ತಿ?" ಎರಡನೇ ತಿಂಗಳಲ್ಲೇ ಒಂದು ಬೆಳಿಗ್ಗೆ ಕಲ್ಲು ಪಕ್ಕಕ್ಕೆ ಸರಿದಿತ್ತು. 3 ಹೇಂಟೆಗಳಿಗೆ ತಲೆ ಇರಲಿಲ್ಲ, ಮೈ ಹಾಗೇ ಬಿದ್ದಿತ್ತು. ಪುನುಗು ಬೆಕ್ಕಿನ ಕೆಲಸ ಎಂದು ಪಕ್ಕದ ಮನೆಯ ಅಣ್ಣ ಹೇಳಿದರು.

ಆಮೇಲೆ ಯಾರ ಕೆಲಸ ಎಂದು ಗುರುತಿಸಲು ನಾನೂ ಕಲಿತೆ. ಹಗಲಿನಲ್ಲಿ ಮರಿ ಮಾಯವಾದರೆ ಕೀರಿ, ಇಲ್ಲವೇ ಗಿಡುಗ. ಕೀರಿ ಅಂದರೆ ಮುಂಗುಸಿ, ಅದು ರಾತ್ರಿ ಬರುವುದಿಲ್ಲ. ರಾತ್ರಿ ಬಂದು ತಲೆ, ಕತ್ತು ಕಚ್ಚಿ ಬಿಟ್ಟುಹೋದರೆ ಹೆಚ್ಚಾಗಿ ಪುನುಗು ಬೆಕ್ಕು. ರಕ್ತವೂ ಇಲ್ಲ, ಪುಕ್ಕವೂ ಇಲ್ಲ, ಕೋಳಿ ಮಾತ್ರ ಇಲ್ಲ ಎಂದರೆ ಹಾವು ನುಂಗಿದೆ ಎಂದು ಅನುಮಾನ ಪಡಬೇಕು.

ಹಾವಿನದ್ದು ನಾನು ದುಡ್ಡು ಕೊಟ್ಟು ಕಲಿತ ಪಾಠ. ಪುನುಗು ಬೆಕ್ಕಿನ ಭಯಕ್ಕೆ ಹೊಸ ಗೂಡು ಕಟ್ಟಿಸಿ ಸುತ್ತ 2 ಇಂಚು ಕಣ್ಣಿನ ತೆಳು ಕೋಳಿ ಬಲೆ ಹೊಡೆಸಿದ್ದೆ. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಮೂಲೆಯಲ್ಲಿ ಹೆಬ್ಬಾವಿನ ಮರಿ, ಹೊಟ್ಟೆಯಲ್ಲಿ ನನ್ನ ಕಪ್ಪು ಹೇಂಟೆ. ಬರುವಾಗ ಬಲೆಯ ಕಣ್ಣಿನಲ್ಲಿ ಸಲೀಸಾಗಿ ನುಸುಳಿ ಬಂದಿದೆ, ನುಂಗಿದ ಮೇಲೆ ಹೊರಗೆ ಹೋಗಲು ಆಗಲಿಲ್ಲ! ಉಳಿದ ಕೋಳಿಗಳೆಲ್ಲ ಮೇಲಿನ ಕೋಲಿನ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದವು. ಹೆಬ್ಬಾವನ್ನು ಹೊಡೆಯುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿದೆವು, ಅವರು ಬಂದು ಚೀಲದಲ್ಲಿ ಹಾಕಿಕೊಂಡು ಹೋದರು.

ಈಗಿನ ಗೂಡು ನೆಲದಿಂದ 3 ಅಡಿ ಎತ್ತರದಲ್ಲಿದೆ, ಮುರಕಲ್ಲಿನ 4 ಕಂಬಗಳ ಮೇಲೆ. ಸುತ್ತ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್. ತೆಳು ಬಲೆ ಕೋಳಿಯನ್ನು ಒಳಗೆ ನಿಲ್ಲಿಸುತ್ತದೆ ಅಷ್ಟೆ, ಹೊರಗಿನವರನ್ನು ತಡೆಯುವುದಿಲ್ಲ. ನೆಲಕ್ಕೆ ಅಡಿಕೆ ಮರ ಸೀಳಿದ ದಬ್ಬೆ, ನಡುವೆ ಸ್ವಲ್ಪ ಸಂದು ಬಿಟ್ಟು ಜೋಡಿಸಿದ್ದು. ಹಿಕ್ಕೆ ಕೆಳಗೆ ಬೀಳುತ್ತದೆ, ಗುಡಿಸಿ ಬಾಳೆ ಬುಡಕ್ಕೆ ಹಾಕುತ್ತೇನೆ. ದಬ್ಬೆಯ ಅಡಿಗೂ ಮೆಶ್ ಹೊಡೆಸಬೇಕು, ಅದನ್ನು ಮರೆಯುವವರೇ ಜಾಸ್ತಿ. ಬಾಗಿಲಿಗೆ ಚಿಲಕ, ಚಿಲಕಕ್ಕೆ ಕೊಕ್ಕೆ. ಸಂಜೆ ಕೋಳಿಗಳು ತಾವಾಗಿಯೇ ಗೂಡಿಗೆ ಬರುತ್ತವೆ. ಬಾಗಿಲು ಹಾಕುವುದನ್ನು ನೆನಪಿಟ್ಟುಕೊಳ್ಳಬೇಕಾದದ್ದು ನಾವು. ನನಗೆ ಸಂಜೆ ದೀಪ ಹಚ್ಚಿದ ಕೂಡಲೇ ಗೂಡಿನ ಕಡೆಗೆ ಕಾಲು ಹೋಗುತ್ತದೆ.

ಇಷ್ಟಾದ ಮೇಲೆ ಗುಡ್ಡದವರಿಗೆ ಒಂದೂ ಕೋಳಿ ಸಿಗಲಿಲ್ಲ. ಆದರೂ ಕೋಳಿ ಸಾಯುವುದು ನಿಲ್ಲಲಿಲ್ಲ.

ನಮ್ಮ ಕಡೆ ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಬಟ್ಟೆಯೇ ಒಣಗುವುದಿಲ್ಲ, ಇನ್ನು ಮರಿಗಳ ಹಾಸು ಒಣಗುವುದುಂಟಾ? ಒಂದು ಆಟಿಯಲ್ಲಿ ತಿಂಗಳ 11 ಮರಿಗಳನ್ನು ಹಟ್ಟಿಯ ಮೂಲೆಯಲ್ಲಿ ಮರದ ಹೊಟ್ಟಿನ ಮೇಲೆ ಬಿಟ್ಟಿದ್ದೆ. ಹೊಟ್ಟು ಕೈಯಲ್ಲಿ ಹಿಂಡಿದರೆ ಉಂಡೆ ಆಗುವಷ್ಟು ಒದ್ದೆ. ಮರಿಗಳು ರೆಕ್ಕೆ ಇಳಿಬಿಟ್ಟು ತೂಕಡಿಸತೊಡಗಿದವು, ಹಿಕ್ಕೆಯಲ್ಲಿ ರಕ್ತ. ನಾನು ಅರಸಿನ, ಕಾಳುಮೆಣಸು ಅರೆದು ಕುಡಿಸುತ್ತ 3 ದಿನ ಕಳೆದೆ. 7 ಮರಿ ಸತ್ತ ಮೇಲೆ ಮೃಗಾಸ್ಪತ್ರೆಗೆ ಹೋದೆ. ಡಾಕ್ಟರು ಹಿಕ್ಕೆ ನೋಡಿದ ಕೂಡಲೇ ಕಾಕ್ಸಿಡಿಯೋಸಿಸ್ ಎಂದರು. ಒದ್ದೆ ಹಾಸಿನಲ್ಲಿ ಬಲಿಯುವ ರೋಗ. ನೀರಿಗೆ ಹಾಕಲು ಆಂಪ್ರೋಲಿಯಂ ಪುಡಿ ಬರೆದುಕೊಟ್ಟರು. ಉಳಿದ 4 ಬದುಕಿದವು. ಅರಸಿನದ ಮೇಲೆ ನನಗೆ ಸಿಟ್ಟಿಲ್ಲ, ಆ 3 ದಿನದ ಮೇಲೆ ಸಿಟ್ಟು. ಈಗ ಮಳೆಗಾಲದಲ್ಲಿ ದಿನಾ ಹೊಟ್ಟು ಕೆದಕಿ ಮಗುಚುತ್ತೇನೆ, ಒದ್ದೆಯಾದ ಕಡೆ ತೆಗೆದು ಹೊಸತು ಹಾಕುತ್ತೇನೆ. ನೀರಿನ ಪಾತ್ರೆಯನ್ನು ಒಂದು ಇಟ್ಟಿಗೆಯ ಮೇಲೆ ಇಟ್ಟಿದ್ದೇನೆ, ಮರಿಗಳು ಕಾಲು ಹಾಕಿ ಚೆಲ್ಲುವುದು ಅರ್ಧಕ್ಕರ್ಧ ಕಡಿಮೆಯಾಯಿತು.

ದೊಡ್ಡ ಪೆಟ್ಟು ಬಿದ್ದದ್ದು ಮರುವರ್ಷ. ಭಾವ ಒಂದು ಹುಂಜ ತಂದರು. ಕೆಂಪು ಮೈ, ಏನು ಗತ್ತು! ಅಂಕಕ್ಕೆಂದು, ಅಂದರೆ ಕೋಳಿ ಕಾಳಗಕ್ಕೆಂದು, ಸಾಕಿದ್ದಂತೆ, ನಾಲ್ಕಾರು ಕಡೆ ತಿರುಗಿ ಬಂದದ್ದು. ಆ ಸಂಜೆಯೇ ನಮ್ಮ ಗೂಡಿಗೆ ಬಿಟ್ಟೆವು. ವಾರದೊಳಗೆ ಹೇಂಟೆಗಳು ಬಾಯಿ ತೆರೆದು ಉಸಿರಾಡತೊಡಗಿದವು. ಹಸಿರು ಭೇದಿ. ಕೆಲವಕ್ಕೆ ಕತ್ತು ತಿರುಚಿಕೊಂಡಿತು, ಕೆಲವಕ್ಕೆ ಕಾಲು ಎಳೆಯಿತು. ರಾಣಿಖೇತ್ ರೋಗ. ಬಂದ ಮೇಲೆ ಮದ್ದಿಲ್ಲ. 12ರಲ್ಲಿ 9 ಹೋದವು. ಭಾವನ ಹುಂಜವೂ ಹೋಯಿತು, ಪಾಪ.

ನಾನು ಲಸಿಕೆ ಹಾಕಿಸಿರಲಿಲ್ಲ. ಹಾಕಿಸಬೇಕು ಎಂದು ಗೊತ್ತಿತ್ತು. ಆದರೆ ಲಸಿಕೆಯ ಬಾಟಲಿ 100 ಕೋಳಿಗೋ 200 ಕೋಳಿಗೋ ಬರುತ್ತದೆ, ಒಮ್ಮೆ ಕರಗಿಸಿದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. 12 ಕೋಳಿಗೆ ಯಾರು ಒಂದು ಬಾಟಲಿ ಒಡೆಯುತ್ತಾರೆ ಎಂದು ಸುಮ್ನೆ ಕೂತೆ. ಈಗ ನಮ್ಮ ಬದಿಯ 5 ಮನೆಯವರು ಸೇರಿ ಒಂದು ದಿನ ಗೊತ್ತು ಮಾಡುತ್ತೇವೆ. ಒಬ್ಬರು ಥರ್ಮಾಸಿನಲ್ಲಿ ಐಸ್ ಹಾಕಿ ಬಾಟಲಿ ತರುತ್ತಾರೆ. ಬಿಸಿಲಿನಲ್ಲಿ ಬೈಕಿನ ಡಿಕ್ಕಿಯಲ್ಲಿ ಹಾಗೇ ತಂದ ಲಸಿಕೆ ಬರೀ ನೀರು ಎಂದೇ ತಿಳಿಯಬೇಕು. ಮರಿಗೆ 5ರಿಂದ 7 ದಿನ ಆದಾಗ ಲಸೋಟ ಎಂಬ ರಾಣಿಖೇತ್ ಲಸಿಕೆ, ಕಣ್ಣಿಗೆ ಒಂದು ಹನಿ. ತಿಂಗಳಾಗುವಾಗ ಮತ್ತೊಮ್ಮೆ. 8 ವಾರ ಕಳೆದ ಮೇಲೆ ರೆಕ್ಕೆಯ ಅಡಿ ಚರ್ಮಕ್ಕೆ ಅದೇ ರೋಗದ ಆರ್‌ಟುಬಿ ಎಂಬ ಚುಚ್ಚುಮದ್ದು, ಅದಕ್ಕೆ ಒಂದು ವಾರ ಮೊದಲು ಹುಳದ ಮದ್ದು. ತೂಕಡಿಸುವ ಕೋಳಿಗೆ ಆ ದಿನ ಲಸಿಕೆ ಇಲ್ಲ. ಮರಿ ಹಿಡಿಯುವುದು ಮಕ್ಕಳ ಕೆಲಸ, ಅವರಿಗೆ ಅದೊಂದು ಹಬ್ಬ.

ಹೊಸ ಕೋಳಿ ಬಂದರೆ 21 ದಿನ ಮನೆಯ ಇನ್ನೊಂದು ಬದಿಯಲ್ಲಿ, ಹಳೆ ಸೌದೆ ಕೊಟ್ಟಿಗೆಯಲ್ಲಿ. ಮೊದಲು ನನ್ನ ಕೋಳಿಗಳಿಗೆ ತಿಂಡಿ, ಆಮೇಲೆ ಅದಕ್ಕೆ. ಅಲ್ಲಿಗೆ ಬೇರೆ ಚಪ್ಪಲಿ. ಸತ್ತ ಕೋಳಿಯನ್ನು ತೋಡಿಗೆ ಎಸೆಯುವ ಅಭ್ಯಾಸ ನಮ್ಮಲ್ಲೂ ಇತ್ತು. ಕೆಳಗಿನ ಮನೆಯವರ ಕೋಳಿ ಅದೇ ನೀರು ಕುಡಿಯುತ್ತದೆ, ಅಲ್ವಾ? ಈಗ ಆಳಕ್ಕೆ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚುತ್ತೇವೆ. ಒಂದೇ ಸಲಕ್ಕೆ ಸುಮಾರು ಕೋಳಿ ಸತ್ತರೆ ಮುಟ್ಟದೆ ಮೃಗಾಸ್ಪತ್ರೆಗೆ ತಿಳಿಸಬೇಕು. ಆಲಪ್ಪುಳ, ಕೋಟ್ಟಯಂ ಕಡೆ 2014ರಲ್ಲಿ, ಮತ್ತೆ 2021ರಲ್ಲಿ ಬಾತುಕೋಳಿಗಳಿಗೆ ಹಕ್ಕಿಜ್ವರ ಬಂದದ್ದು ನೆನಪಿರಬಹುದು.

ತಿಂಡಿಯ ವಿಷಯದಲ್ಲಿ ನನ್ನದು ಸುಲಭ. ದೊಡ್ಡ ಕೋಳಿಗೆ ದಿನಕ್ಕೆ ಸುಮಾರು 100 ಗ್ರಾಂ ಸಾಕು, ತೋಟದಲ್ಲಿ ಕೆದಕಿ ತಿನ್ನುವುದರಿಂದ ಅದರಲ್ಲೂ ಸ್ವಲ್ಪ ಉಳಿಯುತ್ತದೆ. ನುಚ್ಚು, ಉಳಿದ ಕುಚ್ಚಲಕ್ಕಿ ಅನ್ನ, ಜೊತೆಗೆ ಅಂಗಡಿಯ ಲೇಯರ್ ಫೀಡ್, ಅಂದರೆ ಮೊಟ್ಟೆ ಇಡುವ ಕೋಳಿಯ ತಿಂಡಿ. ಮೊಟ್ಟೆಯ ಚಿಪ್ಪು ತೆಳುವಾದರೆ ಮರುವಾಯಿ, ಅಂದರೆ ಕಪ್ಪೆಚಿಪ್ಪು, ಕುಟ್ಟಿ ಇಡುತ್ತೇನೆ. ಬೂಸಲು ಹಿಡಿದ ತೆಂಗಿನ ಹಿಂಡಿ ಮಾತ್ರ ಬೇಡವೇ ಬೇಡ, ಆ ಬೂಸಲಿನಲ್ಲಿ ವಿಷ ಇರುತ್ತದೆ. ಹೇನಿಗೆ ಒಲೆಯ ಬೂದಿ. ಚಾವಡಿಯ ಇಳಿಮಾಡಿನ ಕೆಳಗೆ ಮಳೆ ಬೀಳದ ಕಡೆ ಒಂದು ಗುಂಡಿಯಲ್ಲಿ ಹಾಕಿಟ್ಟರೆ ಅವೇ ಹೊರಳಾಡುತ್ತವೆ.

ಮೊನ್ನೆಯಿಂದ ಬೂದು ಹೇಂಟೆ ಕಾವಿಗೆ ಕೂತಿದೆ. 21 ದಿನಕ್ಕೆ ಮರಿ, ಅಲ್ಲಿಂದ ವಾರಕ್ಕೆ ಲಸೋಟ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ 5 ಮನೆಗೂ ಹೇಳಿಯಾಗಿದೆ. ಭಾವ ಆ ದಿನ ತಾವೂ ಬರುತ್ತೇನೆ ಎಂದಿದ್ದಾರೆ. "ಬನ್ನಿ ಭಾವ, ಆದರೆ ಕೈಯಲ್ಲಿ ಹುಂಜ ಹಿಡಿದುಕೊಂಡು ಬರಬೇಡಿ" ಎಂದಿದ್ದೇನೆ.