ತೊಟ್ಟಿ ಮನೆಯಲ್ಲಿ ಮಿನುಯೆಟ್: ಬರೋಕ್ ನೃತ್ಯ ಆಡಿಸುವುದು ಹೇಗೆ?

ಭರತನಾಟ್ಯ ಬಲ್ಲ ಮಕ್ಕಳಿಗೆ ಬರೋಕ್ ನೃತ್ಯ, ಅಂದರೆ 17-18ನೇ ಶತಮಾನದ ಯುರೋಪಿನ ಆಸ್ಥಾನಗಳ ಕುಣಿತ, ಹೇಳಿಕೊಡುವಾಗ ಮೊದಲು ಬಿಡಿಸಬೇಕಾದ್ದು ಕಾಲು ತಟ್ಟುವ ಅಭ್ಯಾಸ. ಶಿವಮೊಗ್ಗದ ನನ್ನ ತರಗತಿಗೆ ಬರುವವರೆಲ್ಲ ತಟ್ಟಡವಿನಲ್ಲೇ ಬೆಳೆದವರು. ತಾಳ ಬಿದ್ದ ಕೂಡಲೇ ಪಾದ ನೆಲಕ್ಕೆ ಬಡಿಯುತ್ತದೆ. ಇಲ್ಲಿ ಅದರ ಉಲ್ಟಾ. ತಾಳ ಬೀಳುವ ಮುಂಚೆ ಮಂಡಿ ಬಾಗಬೇಕು, ತಾಳಕ್ಕೆ ಸರಿಯಾಗಿ ಮೈ ಮೇಲೇಳಬೇಕು. ಸದ್ದು ಬರಬಾರದು.

ಮಿನುಯೆಟ್‌ನಿಂದ ಶುರು ಮಾಡಿ. ಫ್ರಾನ್ಸಿನ 14ನೇ ಲೂಯಿಯ ಆಸ್ಥಾನದಲ್ಲಿ ಮೆರೆದ ಜೋಡಿ ನೃತ್ಯ ಇದು. 6 ಎಣಿಕೆಗೆ 4 ಹೆಜ್ಜೆ. ಬಲಗಾಲಿನಿಂದ ಶುರು, 1, 3, 4, 5ಕ್ಕೆ ಹೆಜ್ಜೆ. 2 ಮತ್ತು 6ಕ್ಕೆ ಬಾಗುವುದು. 1 ಮತ್ತು 3ರ ಹೆಜ್ಜೆಯಲ್ಲಿ ಮೈ ಏಳುತ್ತದೆ. 4 ಮತ್ತು 5 ಸುಮ್ನೆ ಮುಂಗಾಲಿನ ನಡಿಗೆ. ಆರು ಅಂದ ತಕ್ಷಣ ರೂಪಕ ತಾಳ ಹಾಕಿಬಿಡಬೇಡಿ. ವಾದ್ಯ 3, 3 ಅಂತ ಹೋಗುತ್ತಿರುತ್ತದೆ, ಕಾಲು 2, 1, 1, 2 ಅಂತ ಹಂಚಿಕೊಳ್ಳುತ್ತದೆ. ಈ ತಿಕ್ಕಾಟದಲ್ಲೇ ಮಜಾ ಇರುವುದು. ಬಾಯಲ್ಲಿ ಎಣಿಸುತ್ತಾ ಬರೀ ನಡೆಸಿ, ಸಂಗೀತ ಆಮೇಲೆ ಸೇರಿಸಿ. ಕೈ ಪಕ್ಕದಲ್ಲಿ ಹಗುರಾಗಿ ಇರಲಿ. ಅಭ್ಯಾಸಬಲದಿಂದ ಭರತನಾಟ್ಯದ ಪತಾಕ ಮುದ್ರೆ ಹಿಡಿದುಬಿಡುತ್ತಾರೆ, ಕಣ್ಣಿಟ್ಟಿರಿ.

ವಾದ್ಯಗೋಷ್ಠಿ ಬೇಕು ಅಂತ ಹೆದರಬೇಡಿ. ಆ ಕಾಲದ ನೃತ್ಯದ ಮೇಷ್ಟ್ರುಗಳು ಕೋಟಿನ ಜೇಬಿಗೆ ಹಿಡಿಯುವಷ್ಟು ಪುಟ್ಟ ಪಿಟೀಲು ಇಟ್ಟುಕೊಂಡೇ ಪಾಠ ಮಾಡುತ್ತಿದ್ದರು. ನಿಮ್ಮೂರಿನ ಪಿಟೀಲು ವಾದಕರೊಬ್ಬರು ಸಾಕು. ಗಮಕ, ಅಂದರೆ ಸ್ವರ ಅಲುಗಿಸುವುದನ್ನು, ಬಿಟ್ಟು ನುಡಿಸಲು ಒಪ್ಪಿಸುವುದು ಮಾತ್ರ ನಿಮ್ಮ ಜವಾಬ್ದಾರಿ.

ವೇಷದ ವಿಷಯದಲ್ಲಿ ನನ್ನದು ಖಡಾಖಂಡಿತ ಮಾತು. ಸ್ಕೂಲ್ ಡೇಗೆ ಬಾಡಿಗೆ ಕೊಡುವ ರಾಜಕುಮಾರಿ ಫ್ರಾಕು, ಹತ್ತಿಯ ವಿಗ್ಗು ಬೇಡ. ಜನ ನಗುವುದಕ್ಕೇ ಕೂತುಬಿಡುತ್ತಾರೆ. ಮಂಡಿಯವರೆಗಿನ ಚಡ್ಡಿ, ಬಿಳಿ ಕಾಲುಚೀಲ, ಸಣ್ಣ ಹಿಮ್ಮಡಿಯ ಚರ್ಮದ ಶೂ ಸಾಕು. ಹುಡುಗಿಯರ ಲಂಗ ಕಾಲಿನ ಗಂಟಿಗಿಂತ ಮೇಲಿರಲಿ. ಪಾದ ಕಾಣದಿದ್ದರೆ ಇಡೀ ನೃತ್ಯವೇ ಕಾಣಲಿಲ್ಲ ಅಂತಲೇ ಅರ್ಥ. ಹುಡುಗ ಹುಡುಗಿ ಕೈ ಹಿಡಿಯುವುದಕ್ಕೆ ಮನೆಯವರು ಮುಖ ಸಿಂಡರಿಸಿದರೆ ಹುಡುಗಿಯರನ್ನೇ ಜೋಡಿ ಮಾಡಿ, ತಲೆ ಕೆಡಿಸಿಕೊಳ್ಳಬೇಡಿ. ಪ್ಯಾರಿಸ್ಸಿನ ಒಪೇರಾದಲ್ಲೂ 1681ರವರೆಗೆ ಹೆಣ್ಣು ಪಾತ್ರವನ್ನು ಗಂಡಸರೇ ಕುಣಿಯುತ್ತಿದ್ದರು, ನಮ್ಮ ಯಕ್ಷಗಾನದ ಸ್ತ್ರೀವೇಷದ ಹಾಗೆ.

ಇನ್ನು ಜಾಗ. ಇದಕ್ಕೆ ಆಡಿಟೋರಿಯಂ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಕಾರಣ ಇದೆ. ಬೋಷಾಂ ಎಂಬ ನೃತ್ಯಗುರು ಹೆಜ್ಜೆ ಬರೆದಿಡುವ ಒಂದು ಲಿಪಿ ಕಟ್ಟಿದ, 1700ರಲ್ಲಿ ಫೋಯೆ ಎಂಬಾತ ಅದನ್ನು ಅಚ್ಚು ಹಾಕಿಸಿದ. ಈ ನೃತ್ಯಗಳು ಇವತ್ತು ಮತ್ತೆ ಜೀವ ಪಡೆದಿರುವುದೇ ಅದರಿಂದ. ಪುಟದ ತಲೆಯಲ್ಲಿ ರಾಗದ ಸಾಲು, ಕೆಳಗೆ ಒಂದು ಗೆರೆ. ಆ ಗೆರೆಯೇ ನರ್ತಕರ ದಾರಿ. ಗೆರೆಯ ಎಡಬಲದಲ್ಲಿ ಚಿಕ್ಕ ಚಿಕ್ಕ ಗುರುತು, ಎಲ್ಲಿ ಬಾಗಬೇಕು, ಎಲ್ಲಿ ಏಳಬೇಕು ಅಂತ. ನೆಲವನ್ನು ಮೇಲಿನಿಂದ ನೋಡಿದ ನಕ್ಷೆ ಅದು. ಹಾಗಾದ್ರೆ ಪ್ರೇಕ್ಷಕರೂ ಮೇಲಿರಬೇಕು ಅಲ್ವಾ?

ಸಾಗರ, ತೀರ್ಥಹಳ್ಳಿ ಕಡೆ ಉಪ್ಪರಿಗೆ ಇರುವ ತೊಟ್ಟಿ ಮನೆ ಹುಡುಕಿ. ಅರ್ಧ ಜನ ಜಗಲಿಯಲ್ಲಿ, ಅರ್ಧ ಜನ ಉಪ್ಪರಿಗೆಯಲ್ಲಿ. ಮಿನುಯೆಟ್‌ನಲ್ಲಿ ಜೋಡಿ ಇಂಗ್ಲಿಷಿನ ಝಡ್ ಅಕ್ಷರದ ದಾರಿಯಲ್ಲಿ ಸಾಗುತ್ತದೆ. ಎರಡು ಮೂಲೆಗಳಿಂದ ಹೊರಟು ನಡುವೆ ಒಬ್ಬರನ್ನೊಬ್ಬರು ದಾಟಿ ಜಾಗ ಬದಲಿಸುತ್ತಾರೆ. ಕುಣಿತಕ್ಕೆ ಮೊದಲು ಆ ಗೆರೆಯನ್ನು ಅಂಗಳದಲ್ಲಿ ಶೇಡಿಯ ಬಿಳಿ ಮಣ್ಣಿನ ಪುಡಿಯಲ್ಲಿ ಎಳೆದು ಜನಕ್ಕೆ ತೋರಿಸಿ, ಆಮೇಲೆ ಗುಡಿಸಿಬಿಡಿ. ಪುಡಿ ಉಳಿದರೆ ಚರ್ಮದ ಶೂ ಜಾರುತ್ತದೆ. ಭಾಷಣ ಇಷ್ಟಕ್ಕೇ ಸಾಕು. ನಡುವೆ ದಾಟುವಾಗ ಇಬ್ಬರ ಕಣ್ಣು ಸೇರಬೇಕು. ಮಕ್ಕಳು ನಾಚಿ ನೆಲ ನೋಡುತ್ತಾರೆ, ಅಲ್ಲೇ ಕುಣಿತ ಸತ್ತುಹೋಗುತ್ತದೆ. ಬೇರೆಲ್ಲಕ್ಕಿಂತ ಇದನ್ನೇ ಜಾಸ್ತಿ ಅಭ್ಯಾಸ ಮಾಡಿಸಿ.

ಮಳೆಗಾಲದ ಮಾತೇ ಬೇಡ, ತೊಟ್ಟಿಯೆಲ್ಲ ಪಾಚಿ. ಅಡಿಕೆ ಕೊಯ್ಲಿನಲ್ಲಿ ಮನೆಯವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಶಿವರಾತ್ರಿ ಆಸುಪಾಸು ಕೇಳಿ ನೋಡಿ.

ಇನ್ನೊಂದು. ಆಸ್ಥಾನದಲ್ಲಿ ಈ ನೃತ್ಯ ರಾಜ ಕೂತ ದಿಕ್ಕಿಗೇ ಮುಖ ಮಾಡುತ್ತಿತ್ತು. ಮೊದಲ ವಂದನೆ ಆ ಕಡೆಗೆ, ಎರಡನೆಯದು ಜೊತೆಯವರಿಗೆ. ಆ ಜಾಗದಲ್ಲಿ ಮನೆಯ ಅಜ್ಜಿಯನ್ನು ಕೂರಿಸಿ. "ಅಜ್ಜಿ, ಮುಗಿಯೋವರೆಗೂ ಏಳಬಾರದು" ಅಂತ ಮೊದಲೇ ಹೇಳಿಟ್ಟಿರಿ. ಇಲ್ಲದಿದ್ದರೆ ಕಾಫಿ ಆಯ್ತಾ ಅಂತ ನೋಡಲು ಒಳಗೆ ಹೋಗಿರುತ್ತಾರೆ, ಕೊನೆಯ ವಂದನೆ ಖಾಲಿ ಕುರ್ಚಿಗೆ.