ಹಳೆ ಕಂಪ್ಯೂಟರ್‌ನ ಫ್ಯಾನ್ ಬೊಬ್ಬೆ ಹಾಕುತ್ತಿದೆಯೇ? ಎಣ್ಣೆ ಬಿಡಬೇಡಿ

ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಕೊಂಡು, ಲೋಕಲ್‌ನಲ್ಲಿ ಡೊಂಬಿವಲಿಗೆ ಹೊತ್ತು ತಂದವರು ನಮ್ಮ ಬಿಲ್ಡಿಂಗಿನಲ್ಲೇ ಹಲವರಿದ್ದಾರೆ. ಸದ್ದು ಶುರುವಾದರೆ ಹೆಚ್ಚಿನವರು ಫ್ಯಾನಿಗೆ ತೆಂಗಿನೆಣ್ಣೆ ಬಿಡುತ್ತಾರೆ. ಎರಡು ದಿನ ತೆಪ್ಪಗಿರುತ್ತದೆ, ಆಮೇಲೆ ಧೂಳು ಸೇರಿ ಅಂಟಾಗಿ ಫ್ಯಾನೇ ಸಿಕ್ಕಿಕೊಳ್ಳುತ್ತದೆ.

ಮೊದಲು ಕಿವಿಗೊಡಿ. ಗರಗರ ಎಂದರೆ ಬೇರಿಂಗ್ ಸವೆದಿದೆ. ಟಕಟಕ ಎಂದರೆ ವೈರ್ ರೆಕ್ಕೆಗೆ ತಾಗುತ್ತಿದೆ, ಒಂದು ಪ್ಲಾಸ್ಟಿಕ್ ಟ್ಯಾಗ್‌ನಿಂದ ವೈರ್ ಕಟ್ಟಿದರೆ ಮುಗಿಯಿತು. ಭೋರ್ ಎಂಬ ಗಾಳಿಯ ಸದ್ದಾದರೆ ಫ್ಯಾನ್ ಚೆನ್ನಾಗಿಯೇ ಇದೆ. ಪ್ರೊಸೆಸರ್ ಕಾದಿದೆ, ಅದಕ್ಕೇ ಜೋರಾಗಿ ತಿರುಗುತ್ತಿದೆ. ಎಸ್‌ಎಂಪಿಎಸ್, ಅಂದರೆ ಕರೆಂಟು ಒದಗಿಸುವ ಡಬ್ಬಿಯ ಒಳಗಿನಿಂದ ಸದ್ದು ಬಂದರೆ ಅದನ್ನು ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟು ಹಿಡಿದಿಡುವ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು. ಇಡೀ ಡಬ್ಬಿಯನ್ನೇ ಬದಲಿಸಿ.

ಧೂಳು ತೆಗೆಯುವುದು ಸುಲಭ: ಪ್ಲಗ್ ಕಿತ್ತು, ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು, ಒಣ ಪೇಂಟ್ ಬ್ರಷ್‌ನಿಂದ ಗುಡಿಸಿ. ಮುಂಬಯಿಯ ಹಸಿ ಗಾಳಿಗೆ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿರುತ್ತದೆ, ಬ್ಲೋವರ್ ಒಂದರಿಂದಲೇ ಹೋಗದು.

ಎಲ್ಲರೂ ಎಡವುವುದು ಮುಂದಿನ ಕೆಲಸದಲ್ಲಿ: ಪ್ರೊಸೆಸರ್ ಮೇಲಿನ ಕೂಲರ್ (ಫ್ಯಾನ್ ಕೂತಿರುವ ಲೋಹದ ತುಂಡು) ತೆಗೆದು, ಅವೆರಡರ ನಡುವೆ ಶಾಖ ದಾಟಿಸಲು ಹಚ್ಚಿದ, ಈಗ ಒಣಗಿದ ಪೇಸ್ಟ್ ಬದಲಿಸುವುದು. ಕ್ಯಾಬಿನೆಟ್ಟನ್ನು ಮಲಗಿಸಿ, ಮದರ್‌ಬೋರ್ಡ್ ದೋಸೆ ಕಾವಲಿಯಂತೆ ಮಟ್ಟಸವಾಗಿರಬೇಕು. ಇಂಟೆಲ್‌ನ ಹಳೆ ಕೂಲರಿಗೆ ನಾಲ್ಕು ಮೂಲೆಯಲ್ಲಿ ಕಪ್ಪು ಪಿನ್ನುಗಳಿರುತ್ತವೆ. ಅವುಗಳ ಮೇಲಿನ ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲೆಳೆಯಿರಿ. ಎಎಂಡಿ ಕಂಪನಿಯ ಪ್ರೊಸೆಸರ್ ಆದರೆ ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ, ಆಫ್ ಮಾಡಿ ಪ್ಲಗ್ ಕಿತ್ತು, ಪೇಸ್ಟ್ ಬೆಚ್ಚಗಿರುವಾಗಲೇ ಕೂಲರನ್ನು ಮೆಲ್ಲಗೆ ಆಚೀಚೆ ತಿರುಚಿ ಬಿಡಿಸಿ. ನೇರ ಎಳೆದರೆ ಪ್ರೊಸೆಸರೇ ಕಿತ್ತು ಬಂದು ಕಾಲುಗಳು ಬಾಗುತ್ತವೆ.

ಹಳೆ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪ್ರೊಸೆಸರ್, ಕೂಲರ್ ಎರಡರ ಮೈಯೂ ಹೊಳೆಯುವವರೆಗೆ. ಸೆಂಟು, ಬಾಡಿ ಸ್ಪ್ರೇ ಬೇಡ. ಹೊಸ ಪೇಸ್ಟ್ ನಡುವಿನಲ್ಲಿ ಒಂದು ಬಟಾಣಿಯಷ್ಟು ಸಾಕು. ಹೆಸರಿಲ್ಲದ ಪುಡಿಕೆಯಲ್ಲಿ ಬರುವ ಅಗ್ಗದ ಬಿಳಿ ಪೇಸ್ಟ್ ಕೊಳ್ಳಬೇಡಿ, ಅದು ಬೇಗ ಒಣಗುತ್ತದೆ. ಸಿರಿಂಜಿನಲ್ಲಿ ಬರುವ ಒಳ್ಳೆಯ ಕಂಪನಿಯದನ್ನೇ ತನ್ನಿ.

ಇಂಟೆಲ್ ಕೂಲರಾದರೆ, ಕೂಡಿಸುವ ಮುನ್ನ ನಾಲ್ಕೂ ಪಿನ್ನುಗಳನ್ನು ಬಾಣಕ್ಕೆ ವಿರುದ್ಧವಾಗಿ ತಿರುಗಿಸಿ, ಪೂರ್ತಿ ಮೇಲೆಳೆದಿಡಿ. ಇದನ್ನು ಮರೆತರೆ ಪಿನ್ ಕಚ್ಚುವುದೇ ಇಲ್ಲ. ಬಿಳಿ ಕಾಲುಗಳು ತೂತಿನೊಳಗೆ ಕೂತವೇ ನೋಡಿ, ಆಮೇಲೆ ಓರೆಯಾಗಿ ಎದುರು ಬದುರಿರುವ ಮೂಲೆಗಳನ್ನು ಜೋಡಿಯಾಗಿ ಒತ್ತಿ. ಒಂದೊಂದಕ್ಕೂ ಟಕ್ ಸದ್ದು ಕೇಳಲೇಬೇಕು. ಪ್ರತಿ ಪಿನ್ನನ್ನೂ ಮೆಲ್ಲಗೆ ಎತ್ತಿ ನೋಡಿ. ಕದಲಿದರೆ ಅದು ಕಚ್ಚಿಲ್ಲ. ಮೂರು ಕೂತು ಒಂದು ಎದ್ದಿರುವ ಕೂಲರುಗಳನ್ನೇ ನಾನು ಹೆಚ್ಚು ಕಂಡಿದ್ದೇನೆ. ಫ್ಯಾನ್ ವೈರನ್ನು ‘ಸಿಪಿಯು ಫ್ಯಾನ್’ ಎಂದು ಬರೆದ ಜಾಗಕ್ಕೇ ಚುಚ್ಚಿ.

ಇಷ್ಟಾದರೂ ಗರಗರ ಎಂದರೆ ಹೊಸ ಫ್ಯಾನ್ ತನ್ನಿ. 80, 92, 120 ಮಿಲಿಮೀಟರ್, ಯಾವುದೆಂದು ಸ್ಕೇಲಿನಲ್ಲಿ ಅಳೆದೇ ಅಂಗಡಿಗೆ ಹೋಗಿ. ಕನೆಕ್ಟರ್‌ನ ತೂತು ಮೂರೋ ನಾಲ್ಕೋ ಎಂದೂ ಎಣಿಸಿಕೊಳ್ಳಿ. ಬಾಲ್ ಬೇರಿಂಗ್‌ನದು ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ಕೊಳ್ಳಿ.

ಕ್ಯಾಬಿನೆಟ್ಟಿನ ಬಾಗಿಲು ಮುಚ್ಚುವ ಮೊದಲು ಬಯಾಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪರದೆಗೆ) ಹೋಗಿ ಪ್ರೊಸೆಸರ್ ಉಷ್ಣತೆ ನೋಡಿ. ಕೆಲವೇ ನಿಮಿಷದಲ್ಲಿ ಅದು 80 ಡಿಗ್ರಿಯತ್ತ ಏರಿದರೆ ಕೂಡಲೇ ಆಫ್ ಮಾಡಿ, ಆ ನಾಲ್ಕು ಪಿನ್ನುಗಳನ್ನು ಮತ್ತೆ ಮುಟ್ಟಿ ನೋಡಿ.