ಮಲೆನಾಡಿನ ಅಂಗಳದಲ್ಲಿ ಪನ್ನೀರು ಗುಲಾಬಿ

ಚಿಕ್ಕಮಗಳೂರಿನ ಮಲೆನಾಡು ಕಡೆ ಪನ್ನೀರು ಗುಲಾಬಿ ನೀರಿಲ್ಲದೆ ಒಣಗುವುದಕ್ಕಿಂತ ನೀರು ಹೆಚ್ಚಾಗಿ ಕೊಳೆಯುವುದೇ ಜಾಸ್ತಿ. ಮೂಡಿಗೆರೆ, ಕೊಪ್ಪ, ಶೃಂಗೇರಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯನ್ನು ಲೆಕ್ಕಕ್ಕಿಟ್ಟುಕೊಂಡೇ ಜಾಗ ಹುಡುಕಬೇಕು. ಸೂರಿನ ನೀರು ಬೀಳಬಾರದು, ದಿನಕ್ಕೆ ಆರು ಗಂಟೆ ಬಿಸಿಲು ಸಿಗಬೇಕು. ಅದರಲ್ಲೂ ಬೆಳಗಿನ ಬಿಸಿಲು ಮುಖ್ಯ, ಎಲೆ ಮೇಲಿನ ಇಬ್ಬನಿ ಬೇಗ ಆರಿದಷ್ಟೂ ರೋಗ ಕಡಿಮೆ. ಸಿಲ್ವರ್ ಓಕ್ ನೆರಳು ಕಾಫಿಗೆ ಸರಿ, ಇದಕ್ಕಲ್ಲ.

ಕಸಿ ಗಿಡ ಕೊಳ್ಳುವ ಅಗತ್ಯವಿಲ್ಲ. ಪನ್ನೀರು ಕಡ್ಡಿಯಿಂದಲೇ ಬರುತ್ತದೆ. ಅಕ್ಟೋಬರ್ ಕೊನೆಯಲ್ಲಿ, ಮಳೆ ಹಿಂದೆ ಸರಿದ ಮೇಲೆ, ಪೆನ್ಸಿಲ್ ದಪ್ಪದ ಬಲಿತ ಕಡ್ಡಿಯನ್ನು ಒಂದು ಗೇಣುದ್ದಕ್ಕೆ ಕತ್ತರಿಸಿ. ಅದರಲ್ಲಿ ಮೂರ್ನಾಲ್ಕು ಕಣ್ಣು, ಅಂದರೆ ಚಿಗುರೊಡೆಯುವ ಗಂಟು, ಇರಲಿ. ಕೆಳತುದಿಯನ್ನು ಕಣ್ಣಿನ ಕೆಳಗೇ ಓರೆಯಾಗಿ, ಮೇಲ್ತುದಿಯನ್ನು ನೇರವಾಗಿ ಕತ್ತರಿಸಿದರೆ ತಲೆಕೆಳಗಾಗಿ ಊರುವ ಭಯವಿಲ್ಲ. ಕೆಂಪು ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಸಮನಾಗಿ ಬೆರೆಸಿದ ಪಾಲಿಥೀನ್ ಚೀಲದಲ್ಲಿ ಎರಡು ಕಣ್ಣು ಮಣ್ಣೊಳಗೆ ಹೋಗುವಂತೆ ಊರಿ, ಜಗಲಿಯ ಅಂಚಿನಲ್ಲಿಡಿ. ಬೇರಿಗೆ ಆರೆಂಟು ವಾರ ಬೇಕು. ಎರಡೇ ವಾರಕ್ಕೆ ಚಿಗುರು ಕಂಡರೆ ಅದು ಕಡ್ಡಿಯೊಳಗಿನ ಸಾರದ ಚಿಗುರು, ಬೇರಿನದ್ದಲ್ಲ. ಎಳೆದು ನೋಡಬೇಡಿ.

ಗುಂಡಿ ಒಂದೂವರೆ ಅಡಿ ಉದ್ದ, ಅಗಲ, ಆಳ. ಮಲೆನಾಡಿನ ಮಣ್ಣು ಹುಳಿ, ಹಾಗಾಗಿ ನೆಡುವುದಕ್ಕೆ ಹದಿನೈದು ದಿನ ಮೊದಲು ಒಂದು ಹಿಡಿ ಕೃಷಿ ಸುಣ್ಣ ಬೆರೆಸಿಡಿ. ಗೊಬ್ಬರದ ಜೊತೆಗೇ ಸುಣ್ಣ ಹಾಕಿದರೆ ಸಾರಜನಕ ಗಾಳಿಗೆ ಹೋಗುತ್ತದೆ. ನೆಡುವಾಗ ಐದು ಕೆಜಿ ಕೊಟ್ಟಿಗೆ ಗೊಬ್ಬರ, 200 ಗ್ರಾಂ ಬೇವಿನ ಹಿಂಡಿ, 100 ಗ್ರಾಂ ಮೂಳೆ ಪುಡಿ. ಬುಡ ನೆಲಕ್ಕಿಂತ ಅರ್ಧ ಅಡಿ ಎತ್ತರದ ದಿಬ್ಬದ ಮೇಲಿರಲಿ. ಮಳೆ ಕಡಿಮೆಯ ಬಯಲುಸೀಮೆಯಾದ ಕಡೂರು, ಅರಸೀಕೆರೆಯಲ್ಲಿ ಇದೆಲ್ಲ ತಿರುವುಮುರುವು: ಸುಣ್ಣ ಬೇಡ, ದಿಬ್ಬದ ಬದಲು ಪಾತಿ, ಬುಡಕ್ಕೆ ಒಣ ಎಲೆಯ ಹೊದಿಕೆ. ಫೆಬ್ರವರಿಯೊಳಗೆ ನೆಟ್ಟು ವಾರಕ್ಕೆರಡು ಸಲ ನೀರು ಕೊಟ್ಟರೆ ಮುಂಗಾರಿನ ಹೊತ್ತಿಗೆ ಬೇರು ಹಿಡಿದಿರುತ್ತದೆ. ಗಿಡದಿಂದ ಗಿಡಕ್ಕೆ ಐದಡಿ ಬಿಡಿ.

ಕಾಫಿ ತೋಟದ ಕೈ ಇಲ್ಲಿ ಎಡವುವುದುಂಟು. ಕಂಬಚಿಗುರು, ಅಂದರೆ ನೆಟ್ಟಗೆ ಮೇಲೇಳುವ ಚಿಗುರು, ಕಂಡ ಕೂಡಲೇ ಮುರಿಯುವ ಕಾಫಿಯ ಅಭ್ಯಾಸ ಪನ್ನೀರಿಗೆ ಆಗದು. ಇದು ಸ್ವಂತ ಬೇರಿನ ಗಿಡ, ಬುಡದಿಂದ ಏಳುವ ದಪ್ಪ ಚಿಗುರೇ ಮುಂದಿನ ವರ್ಷದ ಹೂವಿನ ರೆಂಬೆ. ತೆಗೆಯಬೇಕಾದ್ದು ಮೂರು ವರ್ಷ ದಾಟಿ ಬೂದುಬಣ್ಣಕ್ಕೆ ತಿರುಗಿದ ಮುದಿ ರೆಂಬೆಯನ್ನು, ಅದೂ ಬುಡಮಟ್ಟ. ಉಳಿದವನ್ನು ಅಕ್ಟೋಬರ್ ಕೊನೆಗೆ ಎರಡಡಿ ಎತ್ತರಕ್ಕೆ, ಹೊರಮುಖದ ಕಣ್ಣಿನಿಂದ ಕಾಲಿಂಚು ಮೇಲೆ ಕತ್ತರಿಸಿ. ಆರೇಳು ವಾರಕ್ಕೆ ಹೂ. ಒಂದೆರಡು ನೀಳ ರೆಂಬೆಯನ್ನು ಕತ್ತರಿಸದೆ ನೆಲಕ್ಕೆ ಬಾಗಿಸಿ ಗೂಟಕ್ಕೆ ಕಟ್ಟಿ ನೋಡಿ: ನೆಟ್ಟಗಿದ್ದಾಗ ತುದಿಯ ಕಣ್ಣಷ್ಟೇ ಚಿಗುರುತ್ತಿದ್ದದ್ದು, ಮಲಗಿಸಿದ ಮೇಲೆ ಉದ್ದಕ್ಕೂ ಕಣ್ಣು ಒಡೆದು ಒಂದೊಂದರಲ್ಲೂ ಮೊಗ್ಗು ಬರುತ್ತದೆ. ಜಾಗ ಇದ್ದವರಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಮಳೆಗಾಲದ ಶತ್ರು ಕಪ್ಪು ಚುಕ್ಕೆ. ಅಂಚು ಹರಿದಂತಿರುವ ಕಪ್ಪು ಮಚ್ಚೆ, ಸುತ್ತ ಹಳದಿ, ಆಮೇಲೆ ಎಲೆ ಉದುರು. ಬಿದ್ದ ಎಲೆಯನ್ನು ಗೊಬ್ಬರದ ಗುಂಡಿಗೆ ಹಾಕದೆ ಸುಡಿ. ಕತ್ತರಿಸಿದ ಬೋಳು ರೆಂಬೆಗೆ ಶಿಲೀಂಧ್ರ ತಡೆಯುವ ಶೇಕಡಾ 1ರ ಬೋರ್ಡೋ ದ್ರಾವಣ ಹೊಡೆಯಬಹುದು: 10 ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಿನಲ್ಲಿ, 10 ಗ್ರಾಂ ಸುಣ್ಣ ಇನ್ನರ್ಧ ಲೀಟರಿನಲ್ಲಿ, ಎರಡೂ ಪ್ಲಾಸ್ಟಿಕ್ ಪಾತ್ರೆಯಲ್ಲಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಿ. ಕಬ್ಬಿಣದ ಮೊಳೆ ಅದ್ದಿದಾಗ ಕೆಂಪು ಕಟ್ಟಿದರೆ ಇನ್ನಷ್ಟು ಸುಣ್ಣ ಬೇಕು. ಅವತ್ತೇ ಮುಗಿಸಿ. ಎಳೆ ಎಲೆಯಿದ್ದಾಗ ಇದೇ ದ್ರಾವಣ ಸುಡುತ್ತದೆ, ಹೊಡೆಯಬೇಡಿ.

ಡಿಸೆಂಬರ್ ಚಳಿಗೆ ಬೂದಿರೋಗ ಬಂದರೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ. ಕಾಂಡಕ್ಕೆ ಅಂಟಿದ ಶಲ್ಕ ಕೀಟಕ್ಕೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಗುಲ್ಕನ್ ಮಾಡುವ ಇರಾದೆಯಿದ್ದರೆ ಮೊಗ್ಗು ಕಂಡ ಮೇಲೆ ಯಾವ ಔಷಧಿಯೂ ಬೇಡ. ಬಿಸಿಲೇರುವ ಮೊದಲೇ ಹೂ ಬಿಡಿಸಿ, ಹೊತ್ತು ಹೋದಂತೆ ಪರಿಮಳ ಇಳಿಯುತ್ತದೆ.